ಓದುಗರ ಪ್ರಶ್ನೆಗಳು: ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾದರೆ

ಪ್ರಶ್ನೆ: ಹಾಬ್ಸ್‌ನ ಪ್ರಕಾರ ಮನುಷ್ಯ ದುಷ್ಟ, ಲಾಕ್‌ನ ಪ್ರಕಾರ ವಿವೇಕಿ, ರೂಸೋನ ಪ್ರಕಾರ ಮುಗ್ಧ ಎಂದು ನಮಗೆ ರಾಜ್ಯಶಾಸ್ತ್ರದ ಟಿಪ್ಪಣಿಯಲ್ಲಿ ಬರೆಸಿದ್ದಾರೆ. ಇವರಲ್ಲಿ ಯಾರ ಮಾತು ಸರಿ? ಮನುಷ್ಯನ ಸ್ವಭಾವ ಎಂಥದ್ದೆಂದು ತೀರ್ಮಾನವಾಗದೆ ಒಳ್ಳೆಯ ಸರ್ಕಾರ ಯಾವುದೆಂದು ಹೇಳಲು ಬರುತ್ತದೆಯೇ?
– ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಆ ಮೂರು ಮಾತುಗಳು ಮೂವರಿಗೂ ಅನ್ಯಾಯ ಮಾಡುತ್ತವೆ. ಎಲ್ಲಕ್ಕಿಂತ ಹೆಚ್ಚಿನ ಅನ್ಯಾಯವಾಗಿರುವುದು ಹಾಬ್ಸ್‌ಗೆ. ಆದ್ದರಿಂದ ಅವನಿಂದಲೇ ಆರಂಭಿಸುತ್ತೇನೆ.

ಥಾಮಸ್ ಹಾಬ್ಸ್‌ನ 'ಲೆವಯತನ್' ಪ್ರಕಟವಾದದ್ದು 1651ರಲ್ಲಿ. ಇಂಗ್ಲೆಂಡಿನಲ್ಲಿ ದೊರೆಗೂ ಪಾರ್ಲಿಮೆಂಟಿಗೂ 1642ರಲ್ಲಿ ಯುದ್ಧ ಹೊತ್ತಿಕೊಂಡು, 1649ರಲ್ಲಿ ಒಂದನೇ ಚಾರ್ಲ್ಸ್‌ನ ಶಿರಚ್ಛೇದವಾಗಿತ್ತು. ಈ ಕಾಲದಲ್ಲಿ ಹಾಬ್ಸ್ ದೇಶ ಬಿಟ್ಟು ಪ್ಯಾರಿಸ್‌ನಲ್ಲಿದ್ದ. ಆಳುವವರೇ ಇಲ್ಲದ ನಿಸರ್ಗ ಸ್ಥಿತಿಯಲ್ಲಿ ಬದುಕು ಒಂಟಿ, ದರಿದ್ರ, ಹೊಲಸು, ಮೃಗೀಯ ಮತ್ತು ಅಲ್ಪಾಯು ಎಂದು ಅವನು ಬರೆದದ್ದು ಎಲ್ಲರಿಗೂ ಗೊತ್ತು. ಆದರೆ ಅದೇ ಅಧ್ಯಾಯದಲ್ಲಿ, ಮನುಷ್ಯನ ಆಸೆಗಳು ಮತ್ತು ಆವೇಗಗಳು ತಮ್ಮಷ್ಟಕ್ಕೆ ಪಾಪವಲ್ಲ ಎಂದೂ ಅವನು ಹೇಳುತ್ತಾನೆ. ಅವನ ವಾದದ ಬೇರು ಇರುವುದು ಸಮಾನತೆಯಲ್ಲಿ. ಅತಿ ದುರ್ಬಲನೂ ಹೊಂಚು ಹಾಕಿಯೋ ಇತರರನ್ನು ಕೂಡಿಕೊಂಡೋ ಅತಿ ಬಲಶಾಲಿಯನ್ನು ಕೊಲ್ಲಬಲ್ಲನಾದ್ದರಿಂದ, ತಡೆಯುವ ಅಧಿಕಾರವೊಂದು ಇಲ್ಲದಿದ್ದರೆ ಯಾರೂ ನಿಶ್ಚಿಂತರಾಗಿ ಇರಲಾರರು. ಕೇಡು ಬಯಸದವನೂ ಬರೀ ಮುನ್ನೆಚ್ಚರಿಕೆಗಾಗಿ ಮೊದಲ ಏಟು ಹಾಕಬೇಕಾಗುತ್ತದೆ. ನಂಬದವರಿಗೆ ಅವನು ಕೇಳುವ ಪ್ರಶ್ನೆ ತುಂಬ ಸರಳವಾದದ್ದು: ಕಾನೂನೂ ಕಾವಲುಗಾರರೂ ಇರುವ ಊರಿನಲ್ಲೇ ನೀವು ಮಲಗುವ ಮುನ್ನ ಬಾಗಿಲಿಗೆ ಅಗುಳಿ ಹಾಕುತ್ತೀರಿ, ಮನೆಯೊಳಗಿದ್ದೂ ಪೆಟ್ಟಿಗೆಗೆ ಬೀಗ ಹಾಕುತ್ತೀರಿ, ಹಾಗಾದರೆ ನೆರೆಯವರ ಬಗ್ಗೆ, ಮನೆಯವರ ಬಗ್ಗೆ ನಿಮ್ಮ ಅಭಿಪ್ರಾಯವೇನು? ಇದನ್ನು ಬರೆದವನು ಮನುಷ್ಯನನ್ನು ದ್ವೇಷಿಸುತ್ತಿದ್ದನೆಂದು ನನಗೆ ಅನ್ನಿಸುವುದಿಲ್ಲ. ಭಯವನ್ನು ಅವನು ಹತ್ತಿರದಿಂದ ಬಲ್ಲವನಾಗಿದ್ದ.

ಜಾನ್ ಲಾಕ್‌ನ ಸರ್ಕಾರ ಕುರಿತ ಎರಡು ಪ್ರಬಂಧಗಳು 1689ರಲ್ಲಿ ಅವನ ಹೆಸರಿಲ್ಲದೆ ಹೊರಬಂದವು. ಅವು ತನ್ನವೆಂದು ಅವನು ಒಪ್ಪಿಕೊಂಡದ್ದು ಉಯಿಲಿನಲ್ಲಿ. ಇತರರ ಜೀವ, ಆರೋಗ್ಯ, ಸ್ವಾತಂತ್ರ್ಯ, ಸ್ವತ್ತುಗಳಿಗೆ ಹಾನಿ ಮಾಡಬಾರದೆಂದು ವಿವೇಕವೇ ಕಲಿಸುತ್ತದೆ ಎನ್ನುವ ಲಾಕ್ ಕೂಡ ನಿಸರ್ಗ ಸ್ಥಿತಿಯಲ್ಲಿ ಮೂರು ಕೊರತೆಗಳನ್ನು ಕಾಣುತ್ತಾನೆ: ಎಲ್ಲರಿಗೂ ತಿಳಿದ ಸ್ಥಿರವಾದ ಕಾನೂನಿಲ್ಲ, ಪಕ್ಷಪಾತವಿಲ್ಲದ ನ್ಯಾಯಾಧೀಶನಿಲ್ಲ, ತೀರ್ಪನ್ನು ಜಾರಿ ಮಾಡುವ ಬಲವಿಲ್ಲ. ಅಲ್ಲಿ ಪ್ರತಿಯೊಬ್ಬನೂ ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶ. ಇಲ್ಲಿಯವರೆಗೆ ಅವನು ಹಾಬ್ಸ್‌ನಿಂದ ಬಹಳ ದೂರವೇನೂ ಇಲ್ಲ. ದಾರಿ ಬೇರೆಯಾಗುವುದು ಪರಿಹಾರದಲ್ಲಿ. ಹಾಬ್ಸ್‌ನ ಒಪ್ಪಂದ ಪ್ರಜೆಗಳ ನಡುವಿನದು. ಪರಮಾಧಿಕಾರಿ ಅದರಲ್ಲಿ ಕಕ್ಷಿಯೇ ಅಲ್ಲದ್ದರಿಂದ ಅವನು ಒಪ್ಪಂದ ಮುರಿದನೆಂದು ಯಾರೂ ದೂರುವಂತಿಲ್ಲ. ಹಾಗಾದರೆ ಎಲ್ಲರೂ ನಿಸರ್ಗ ಸ್ಥಿತಿಯಿಂದ ಹೊರಬಂದರೂ ದೊರೆಯೊಬ್ಬ ಮಾತ್ರ ಅದರಲ್ಲೇ ಉಳಿದು, ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಿರುತ್ತಾನಲ್ಲ ಎಂಬುದು ಲಾಕ್‌ನ ಆಕ್ಷೇಪ. ನರಿಗಳ ಕಾಟಕ್ಕೆ ಹೆದರಿ ಸಿಂಹದ ಬಾಯಿಗೆ ಬೀಳುವುದನ್ನು ಕ್ಷೇಮವೆಂದು ತಿಳಿಯುವಷ್ಟು ಜನ ಮೂರ್ಖರೇ ಎಂದು ಅವನು ಕೇಳುತ್ತಾನೆ. ಸರ್ಕಾರವೆಂಬುದು ನಂಬಿ ಒಪ್ಪಿಸಿದ ಹೊಣೆ. ಆ ನಂಬಿಕೆಗೆ ದ್ರೋಹವಾದರೆ ಅಧಿಕಾರ ಜನರಿಗೆ ಮರಳುತ್ತದೆ.

ಇನ್ನು ರೂಸೋ. 1755ರ ಅಸಮಾನತೆಯ ಪ್ರಬಂಧದಲ್ಲಿ ಅವನು ಚಿತ್ರಿಸುವ ಆದಿಮಾನವನಿಗೆ ತನ್ನ ಉಳಿವಿನ ಕಾಳಜಿಯಿದೆ, ನೋವುಂಡವರನ್ನು ಕಂಡರೆ ಮರುಕವಿದೆ. ಒಳಿತು–ಕೆಡುಕೆಂಬ ಮಾತು ಅವನಿಗೆ ಇನ್ನೂ ಅನ್ವಯಿಸುವುದೇ ಇಲ್ಲ. ಹಾಬ್ಸ್ ಕಂಡ ಅಹಂಕಾರ, ಮತ್ಸರಗಳು ಸಮಾಜದಲ್ಲಿ ಹುಟ್ಟಿದವು, ಅವನ್ನು ಹಾಬ್ಸ್ ಕಾಡಿನ ಮನುಷ್ಯನಿಗೆ ಅಂಟಿಸಿದ ಎಂಬುದು ರೂಸೋನ ತಕರಾರು, ಮತ್ತು ನನ್ನ ಮಟ್ಟಿಗೆ ಇದು ಹಾಬ್ಸ್‌ಗೆ ಬಂದ ಅತ್ಯಂತ ಗಂಭೀರವಾದ ಉತ್ತರ. ಆದರೆ 1762ರ 'ಸಾಮಾಜಿಕ ಒಪ್ಪಂದ'ದಲ್ಲಿ ಅವನು ಮುಂದಿಡುವ ಸಾಮಾನ್ಯ ಇಚ್ಛೆ, ಅಂದರೆ ಎಲ್ಲರ ಒಳಿತನ್ನು ಬಯಸುವ ಇಡೀ ಸಮುದಾಯದ ಇಚ್ಛೆ, ನನ್ನನ್ನು ಕಳವಳಕ್ಕೆ ದೂಡುತ್ತದೆ. ಅದನ್ನು ಪಾಲಿಸದವನನ್ನು ಸ್ವತಂತ್ರನಾಗುವಂತೆ ಬಲವಂತಪಡಿಸಬೇಕು ಎನ್ನುವ ರೂಸೋ, ಅಧಿಕಾರ ಹಿಡಿದವರು ತಮ್ಮ ಇಚ್ಛೆಯನ್ನೇ ಸಾಮಾನ್ಯ ಇಚ್ಛೆಯೆಂದು ಸಾರಿದರೆ ಅವರನ್ನು ತಡೆಯಲು ಗಟ್ಟಿಯಾದ ಬೇಲಿಯನ್ನು ಕಟ್ಟಿಕೊಡುವುದಿಲ್ಲ.

ಆದ್ದರಿಂದ ಸ್ವಭಾವದ ವಿವಾದ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಒಳ್ಳೆಯವನೂ ತನ್ನ ವ್ಯಾಜ್ಯದಲ್ಲಿ ತಾನೇ ತೀರ್ಪು ಕೊಡಬಾರದು ಎಂಬಷ್ಟನ್ನು ಒಪ್ಪಿದರೆ, ಸರ್ಕಾರದ ಚರ್ಚೆಯನ್ನು ಆರಂಭಿಸಬಹುದು.

ಪ್ರಶ್ನೆ: ಪ್ರಾಮಾಣಿಕರೇ ಆಳುವುದಾದರೆ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳನ್ನು ಬೇರೆಬೇರೆಯಾಗಿ ಇಡುವ ಅಗತ್ಯವೇನು?
– ನಿವೃತ್ತ ಶಿಕ್ಷಕರು, ಪುತ್ತೂರು

ಉತ್ತರ: ಈ ಪ್ರಶ್ನೆಗೆ ಫ್ರಾನ್ಸಿನ ಚಿಂತಕ ಮಾಂಟೆಸ್ಕ್ಯೂ 1748ರಲ್ಲೇ ಉತ್ತರ ಕೊಟ್ಟಿದ್ದಾನೆ. ಅಧಿಕಾರವುಳ್ಳ ಪ್ರತಿಯೊಬ್ಬನೂ ಎಲ್ಲೆ ಸಿಗುವವರೆಗೆ ಅದನ್ನು ಚಾಚುತ್ತಾ ಹೋಗುತ್ತಾನೆ ಎಂದ ಅವನು, ಅದರ ಬೆನ್ನಿಗೇ ಸದ್ಗುಣಕ್ಕೂ ಎಲ್ಲೆಗಳು ಬೇಕು ಎಂದು ಸೇರಿಸುತ್ತಾನೆ. ಬೋರ್ಡೊ ನಗರದ ಉನ್ನತ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಕುಳಿತವನ ಮಾತು ಇದು. ತಾನು ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ನಂಬಿದವನಿಗೆ ನಿಲ್ಲಬೇಕೆನ್ನಿಸುವುದೇ ಇಲ್ಲವಲ್ಲ!

ಈ ವಿಚಾರ ನಿಮ್ಮ ಊರಿಗೆ ದೂರದ್ದೂ ಅಲ್ಲ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು 7–6ರ ಬಹುಮತದಿಂದ, ಸಂವಿಧಾನದ ಮೂಲ ಸಂರಚನೆಯನ್ನು ಸಂಸತ್ತು ತಿದ್ದಲಾಗದು ಎಂದಿತು. ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರು ಆ ಸಂರಚನೆಯ ಲಕ್ಷಣಗಳನ್ನು ಹೆಸರಿಸುವಾಗ ಅಧಿಕಾರ ವಿಭಜನೆಯನ್ನೂ ಸೇರಿಸಿದ್ದಾರೆ.

ಪ್ರಶ್ನೆ: ಇವರೆಲ್ಲ 'ಮನುಷ್ಯ' ಎಂದಾಗ ಅದರಲ್ಲಿ ಹೆಂಗಸರೂ ಗುಲಾಮರೂ ಇದ್ದರೇ?
– ಗೃಹಿಣಿ, ಶಿವಮೊಗ್ಗ

ಉತ್ತರ: ಬಹುಮಟ್ಟಿಗೆ ಇರಲಿಲ್ಲ. ಲಾಕ್ ಗುಲಾಮರ ವ್ಯಾಪಾರ ನಡೆಸುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಹಣ ತೊಡಗಿಸಿದ್ದ. ಇದನ್ನು ಮರೆತು ಅವನನ್ನು ಓದುವುದು ಸರಿಯಲ್ಲ. ರೂಸೋ ತನ್ನ 'ಎಮಿಲ್'ನಲ್ಲಿ ಹೆಣ್ಣಿನ ಶಿಕ್ಷಣವೆಲ್ಲ ಗಂಡಿನ ಅನುಕೂಲಕ್ಕಾಗಿಯೇ ಇರಬೇಕೆಂದು ಬರೆದ. ಇದಕ್ಕೆ ಎದುರಾಗಿ ಮೇರಿ ವೋಲ್‌ಸ್ಟನ್‌ಕ್ರಾಫ್ಟ್ 1792ರಲ್ಲಿ ಸ್ತ್ರೀಯರ ಹಕ್ಕುಗಳ ಸಮರ್ಥನೆಯನ್ನು ಪ್ರಕಟಿಸಿದಳು. ಫ್ರಾನ್ಸಿನ ರಾಜಕಾರಣಿ ತಾಲೇರಾನ್‌ಗೆ ಬರೆದ ಅದರ ಅರ್ಪಣೆಯಲ್ಲಿ ಅವಳು ಎತ್ತಿಕೊಂಡದ್ದು ಲಾಕ್‌ನ ಆಕ್ಷೇಪಕ್ಕೆ ತೀರ ಹತ್ತಿರದ ಪ್ರಶ್ನೆಯನ್ನು: ವಿವೇಕವೆಂಬ ವರ ಹೆಣ್ಣಿಗೂ ಇರುವಾಗ, ಗಂಡಸೊಬ್ಬನನ್ನೇ ನ್ಯಾಯಾಧೀಶನನ್ನಾಗಿ ಮಾಡಿದವರು ಯಾರು?