ಕಾಫಿ ಪಲ್ಪಿಂಗ್ ನೀರು ಹಳ್ಳಕ್ಕೆ ಬರುತ್ತಿದ್ದರೆ ಸ್ಯಾಂಪಲ್ ತೆಗೆಸೋದು ಮೊದಲು

ಅಕ್ಕ, ಮೇಲಿನ ತೋಟದವರು ರಾತ್ರಿ ಪಲ್ಪಿಂಗ್ ನೀರು (ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ನೀರು) ಹಳ್ಳಕ್ಕೆ ಬಿಡ್ತಾರೆ, ಪಂಚಾಯ್ತಿಗೆ ಎರಡು ಸಲ ಅರ್ಜಿ ಕೊಟ್ಟರೂ ಯಾರೂ ತಿರುಗಿ ನೋಡಿಲ್ಲ, ಮುಂದೇನು ಅಂತ ಕೇಳಿದ್ದೀರಿ.

ಮೂರು ವರ್ಷದ ಹಿಂದೆ ನಮ್ಮ ಹಳ್ಳಕ್ಕೂ ಇದೇ ಗತಿ ಬಂದಿತ್ತು. ಬೆಳಗ್ಗೆ ಹೋಗಿ ನೋಡಿದರೆ ನೀರು ಡಿಕಾಕ್ಷನ್ ಬಣ್ಣ, ಕಲ್ಲು ಮುಟ್ಟಿದರೆ ಲೋಳೆ, ಹುಳಿ ಹೆಂಡದ ವಾಸನೆ. ಸಣ್ಣ ಮೀನೆಲ್ಲ ಬಾಯಿ ತೆರೆದುಕೊಂಡು ಮೇಲೆ ಬಂದಿದ್ದವು. ಹಣ್ಣಿನ ಸಿಹಿ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ.

ನಾನು ಎಡವಿದ್ದು ಎಲ್ಲಿ ಅಂದರೆ, ದೂರು ಕೊಟ್ಟು ಸುಮ್ಮನೆ ಕಾದೆ. ಅಧಿಕಾರಿ ಬರುವ ಹೊತ್ತಿಗೆ ಕೊಯ್ಲು ಮುಗಿದು ಹಳ್ಳ ತಿಳಿಯಾಗಿತ್ತು. ಅವರು ತಿಳಿನೀರನ್ನೇ ನೋಡಿ ಹೋದರು. 1974ರ ಜಲ ಕಾಯ್ದೆಯ ಸೆಕ್ಷನ್ 21ರಲ್ಲಿ ಸ್ಯಾಂಪಲ್ ತೆಗೆಯುವ ಕ್ರಮ ಇದೆ: ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಸ್ಥಳದಲ್ಲೇ ಮಾಲೀಕರಿಗೆ ನೋಟಿಸ್ ಕೊಟ್ಟು, ಎರಡು ಪಾಲು ಮಾಡಿ, ಸೀಲ್ ಹಾಕಬೇಕು. ಈ ಕ್ರಮ ತಪ್ಪಿದರೆ ವರದಿ ಸಾಕ್ಷಿಯಾಗಿ ನಿಲ್ಲುವುದಿಲ್ಲ. ನೀವು ಬಾಟಲಿಯಲ್ಲಿ ಹಿಡಿದಿಟ್ಟ ನೀರು ಅಧಿಕಾರಿಯನ್ನು ಕರೆಸಲಿಕ್ಕೆ ಉಪಯೋಗಕ್ಕೆ ಬಂದೀತು, ಅಷ್ಟೇ.

ಹಾಗಾಗಿ ಪಂಚಾಯ್ತಿ ಬಿಡಿ. ಪಲ್ಪಿಂಗ್ ನಡೆಯುತ್ತಿರುವಾಗಲೇ ನಿಮ್ಮ ಜಿಲ್ಲೆಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಅಧಿಕಾರಿಗೆ ಬರೆಯಿರಿ. ಎಷ್ಟು ಗಂಟೆಗೆ ಬಿಡುತ್ತಾರೆ, ಯಾವ ಮೋರಿಯಿಂದ ಬರುತ್ತದೆ ಅಂತ ಬರೆದು, ಟೈಮ್, ಜಾಗ ಕಾಣುವ ಫೋಟೋ ಇಡಿ, ಕೆಳಗಿನ ಮನೆಯವರ ಸಹಿಯೂ ಇರಲಿ. ಇಮೇಲ್ ಜೊತೆಗೆ ರಿಜಿಸ್ಟರ್ ಪೋಸ್ಟೂ ಮಾಡಿ, ಸ್ವೀಕೃತಿ ಚೀಟಿ ಜೋಪಾನ. ಜೊತೆಗೇ 10 ರೂಪಾಯಿಯ ಆರ್‌ಟಿಐ ಹಾಕಿ ಆ ತೋಟಕ್ಕೆ ಕೊಳೆನೀರು ಹೊರಬಿಡಲು ಮಂಡಳಿಯ ಸಮ್ಮತಿ ಪತ್ರ ಇದೆಯಾ, ಷರತ್ತು ಏನು ಅಂತ ಕೇಳಿ. ಸಮ್ಮತಿ ಷರತ್ತುಗಳ ರಿಜಿಸ್ಟರನ್ನು ಸಂಬಂಧಪಟ್ಟ ಯಾರು ಬೇಕಾದರೂ ನೋಡಬಹುದು ಅಂತ ಅದೇ ಕಾಯ್ದೆಯ ಸೆಕ್ಷನ್ 25 ಹೇಳುತ್ತದೆ. ಇದು ನಮ್ಮ ಕಡೆ ಬಹಳ ಜನಕ್ಕೆ ಗೊತ್ತೇ ಇಲ್ಲ.

ಅಷ್ಟಾದರೂ ಮಂಡಳಿ ಅಲುಗಾಡದಿದ್ದರೆ ಪರಿಸರದ ಕೇಸು ನೋಡುವ ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಿ. ವಕೀಲರಿಲ್ಲದೆ ನೀವೇ ವಾದ ಮಾಡಬಹುದು, ಪರಿಹಾರದ ಹಣ ಕೇಳದಿದ್ದರೆ ಶುಲ್ಕ 1000 ರೂಪಾಯಿ. ಆದರೆ ತೊಂದರೆ ಮೊದಲು ಶುರುವಾದ ದಿನದಿಂದ 6 ತಿಂಗಳೊಳಗೆ ಹೋಗಬೇಕು, ಪರಿಹಾರಕ್ಕಾದರೆ 5 ವರ್ಷ. ಮೊದಲ ಸಲ ನೀರು ಕಪ್ಪಾಗಿದ್ದು ಯಾವತ್ತು ಅಂತ ಇವತ್ತೇ ಬರೆದಿಡಿ.

ಇದೆಲ್ಲದಕ್ಕೂ ಮುಂಚೆ ಒಂದು ಸಲ ಮಾಲೀಕರ ಹತ್ತಿರ ಮಾತಾಡಿ ನೋಡಿ. ನಮ್ಮದೂ ಸಣ್ಣ ಪಲ್ಪರ್ ಇದೆ. ತೊಟ್ಟಿ ಕಟ್ಟಿ, ಸುಣ್ಣ ಹಾಕಿ ಹುಳಿ ಇಳಿಸಿ, ನೀರನ್ನು ಗುಂಡಿಯಲ್ಲೇ ನಿಲ್ಲಿಸುತ್ತೇವೆ, ಹಳ್ಳಕ್ಕೆ ಬಿಡೋದಿಲ್ಲ. ಅವರು ನೋಡಬೇಕು ಅಂದರೆ ಕರೆದುಕೊಂಡು ಬನ್ನಿ, ತೋರಿಸುತ್ತೇನೆ. ಅಲ್ಲಿಯವರೆಗೆ ದನಗಳನ್ನು ಮಾತ್ರ ಆ ಹಳ್ಳಕ್ಕೆ ಇಳಿಸಬೇಡಿ.