ಬಿಕ್ಕಟ್ಟು ಬಂದಾಗ ‘ನಾನು’ ಅಂದರೆ ಯಾರು?

ಪ್ರಶ್ನೆ: ಯುದ್ಧ, ಸಾಂಕ್ರಾಮಿಕ ರೋಗದಂಥ ಬಿಕ್ಕಟ್ಟು ಬಂದಾಗಲೆಲ್ಲ ರಾಜಕೀಯ ಚಿಂತಕರು ‘ನಾನು ಅಂದರೆ ಯಾರು’ ಎಂದು ಹೊಸದಾಗಿ ಕೇಳುತ್ತಾರಂತೆ. ಎರಡಕ್ಕೂ ಏನು ಸಂಬಂಧ?

ಉತ್ತರ: ತುಂಬಾ ಹತ್ತಿರದ ಸಂಬಂಧ. ಎಲ್ಲ ಸರಿಯಿದ್ದಾಗ ಈ ಪ್ರಶ್ನೆ ಯಾರಿಗೂ ಏಳುವುದಿಲ್ಲ, ಅಲ್ವಾ? ಯಾವುದೋ ಆಸರೆ ಕಳಚಿಬಿದ್ದಾಗ ಏಳುತ್ತದೆ. ಬಿದ್ದದ್ದು ಯಾವ ಆಸರೆ ಎಂಬುದರ ಮೇಲೆ ಉತ್ತರವೂ ಬದಲಾಗುತ್ತದೆ.

ಹದಿನೇಳನೇ ಶತಮಾನದ ಇಂಗ್ಲಿಷ್ ತತ್ವಜ್ಞಾನಿ ಥಾಮಸ್ ಹಾಬ್ಸ್ ಕಂಡದ್ದು ಇಂಗ್ಲೆಂಡಿನ ಅಂತರ್ಯುದ್ಧದ ಕಾಲ. 1640ರಲ್ಲೇ ಅವರು ಪ್ಯಾರಿಸ್‌ಗೆ ಓಡಿಹೋಗಿದ್ದರು. 1651ರ ‘ಲೆವಯಥನ್’ ಪುಸ್ತಕದಲ್ಲಿ ಅವರ ಮನುಷ್ಯ ಅಂಜುವ ಜೀವಿ. ಕಾನೂನು ಇದ್ದರೂ ಮಲಗುವಾಗ ಬಾಗಿಲು ಭದ್ರ ಮಾಡುತ್ತಾನೆ, ಮನೆಯೊಳಗಿನ ಪೆಟ್ಟಿಗೆಗೂ ಬೀಗ ಹಾಕುತ್ತಾನೆ. ಹಾಗಾದರೆ ತನ್ನ ಮಕ್ಕಳ ಬಗ್ಗೆ, ಆಳುಗಳ ಬಗ್ಗೆ ಅವನಿಗಿರುವ ಅಭಿಪ್ರಾಯ ಏನು ಎಂದು ಹಾಬ್ಸ್ ಕೇಳುತ್ತಾರೆ. ಇಂಥವರ ನಡುವೆ ನೆಮ್ಮದಿ ಇರಬೇಕಾದರೆ ಎಲ್ಲರನ್ನೂ ಹಿಡಿತದಲ್ಲಿಡುವ ಆಳ್ವಿಕೆ ಬೇಕು ಅನ್ನುವುದು ಅವರ ವಾದ.

ಇಪ್ಪತ್ತನೇ ಶತಮಾನದ ರಾಜಕೀಯ ಚಿಂತಕಿ ಹಾನಾ ಅರೆಂಟ್‌ಗೆ ಎದುರಾದದ್ದು ಇದರ ತಿರುವುಮುರುವು. ಹಿಟ್ಲರನ ಜರ್ಮನಿಯಲ್ಲಿ ಭಯ ಹುಟ್ಟಿಸಿದ್ದೇ ಆಳ್ವಿಕೆ. ಯಹೂದಿಯಾದ ಅವರು 1933ರಲ್ಲಿ ಜರ್ಮನಿ ಬಿಟ್ಟರು. 1940ರಲ್ಲಿ ಫ್ರಾನ್ಸಿನ ಗೂರ್ಸ್ ಶಿಬಿರದಲ್ಲಿ ಬಂಧಿಯಾಗಿದ್ದರು. ಮರುವರ್ಷ ನ್ಯೂಯಾರ್ಕ್ ತಲುಪಿದರೂ ಅಮೆರಿಕದ ಪೌರತ್ವ ಸಿಕ್ಕಿದ್ದು 1951ರಲ್ಲಿ. ಅಷ್ಟು ವರ್ಷ ‘ಇವರು ನಮ್ಮವರು’ ಅನ್ನುವ ದೇಶವೇ ಇರಲಿಲ್ಲ. 1943ರ ಲೇಖನವೊಂದರಲ್ಲಿ ಅವರು ನಿರಾಶ್ರಿತರು ಕಳೆದುಕೊಂಡದ್ದನ್ನು ಹೇಳುತ್ತಾರೆ. ಮನೆಯ ಜೊತೆ ದಿನನಿತ್ಯದ ಸಲಿಗೆ ಹೋಯಿತು. ಕೆಲಸದ ಜೊತೆ, ತಮ್ಮಿಂದ ಲೋಕಕ್ಕೆ ಉಪಯೋಗವಿದೆ ಎಂಬ ಭರವಸೆ ಹೋಯಿತು. ಭಾಷೆಯ ಜೊತೆ, ಅನಿಸಿದ್ದನ್ನು ಸುಮ್ನೆ ಸಹಜವಾಗಿ ತೋರಿಸಿಕೊಳ್ಳುವುದೂ ಹೋಯಿತು.

ಇವೆಲ್ಲ ನಮ್ಮೊಳಗೇ ಇರುವ ಆಸ್ತಿ ಅಂದುಕೊಂಡಿರುತ್ತೇವೆ. ಆದರೆ ಇವು ಉಳಿಯುವುದು ನಾಲ್ಕು ಜನರ ನಡುವೆ. ಅದಕ್ಕೇ ಅರೆಂಟ್ ‘ಹಕ್ಕುಗಳನ್ನು ಪಡೆಯುವ ಹಕ್ಕು’ ಎಂದದ್ದು: ಒಂದು ಸಮುದಾಯಕ್ಕೆ ಸೇರಿದ್ದರೆ ಮಾತ್ರ ಉಳಿದ ಹಕ್ಕುಗಳಿಗೆ ಬೆಲೆ.

ನನಗೆ ಅರೆಂಟ್ ಮಾತೇ ಜಾಸ್ತಿ ನಿಜ ಅನಿಸುತ್ತದೆ. ಹಾಗಂತ ಹಾಬ್ಸ್ ಸುಳ್ಳಲ್ಲ. 2020ರಲ್ಲಿ ಬಾಗಿಲು ಹಾಕಿಕೊಂಡು, ಹೊರಗಿನ ಪ್ರತಿ ಕೆಮ್ಮಿಗೂ ಬೆಚ್ಚಿದ ‘ನಾನು’ ಹಾಬ್ಸ್ ಹೇಳಿದ ಜೀವಿಯೇ. ಆದರೆ ಅದೇ ನಾನು ಹೊರಗೆ ಹೋಗುವಾಗ ಮಾಸ್ಕ್ ಕಟ್ಟಿಕೊಂಡೆ. ನನ್ನ ಉಸಿರು ನನ್ನೊಬ್ಬನದೇ ಅಲ್ಲ ಅನ್ನುವುದು ಆಗ ಮೂಗಿನ ಮೇಲೇ ಕೂತಿತ್ತು.

ಓದಬೇಕೆಂದಿದ್ದರೆ ‘ಲೆವಯಥನ್’ನ 13ನೇ ಅಧ್ಯಾಯದಿಂದ ಶುರುಮಾಡಿ. ಬೀಗದ ಮಾತು ಅಲ್ಲೇ ಇದೆ.