ಚೀಟಿಯ ಮೇಲಿನ ಸಣ್ಣ ಅಕ್ಷರಗಳು

ಹಾಸನದ ಓದುಗರೊಬ್ಬರ ಪತ್ರ: ‘ಕಳೆದ ಸಂಚಿಕೆಯಲ್ಲಿ ಅಮೆರಿಕದ ಕಪ್ಪು ಜನರ ಸೋಲ್ ಎಂಬ ಸಂಗೀತದ ಬಗ್ಗೆ ಬಂದ ಲೇಖನ ಓದಿ, ಆ ಕಾಲದ ಹಾಡುಗಳನ್ನು ಹುಡುಕಿ ಕೇಳತೊಡಗಿದೆ. ವೆಂಡಿ ರೆನೆ ಎಂಬಾಕೆ 1964ರಲ್ಲಿ ಹಾಡಿದ “ಆಫ್ಟರ್ ಲಾಫ್ಟರ್” ಮೂರು ದಿನಗಳಿಂದ ನನ್ನನ್ನು ಬಿಟ್ಟಿಲ್ಲ. ಆಮೇಲೆ ಆಕೆಯ ಹೆಸರೇ ಎಲ್ಲೂ ಕಾಣುವುದಿಲ್ಲ. ಇಂಥ ಗಾಯಕಿಯರು ಎಲ್ಲಿಗೆ ಹೋದರು? ಅವರ ಜಾಡು ಹಿಡಿಯುವುದು ಹೇಗೆ? ಅವರಿಗೆ ಇಲ್ಲದೆ ಹೋದದ್ದು ಪ್ರತಿಭೆಯೋ, ಅದೃಷ್ಟವೋ?’

ಸಂಪಾದಕರ ಉತ್ತರ:

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಅದು ನನ್ನನ್ನು ಕೆಣಕಿದೆ. ಮೂರು ದಿನ ನಿಮ್ಮ ಬೆನ್ನು ಬಿಡದ ದನಿಗೆ ಪ್ರತಿಭೆ ಇತ್ತೇ ಎಂದು ಕೇಳುವ ಅಗತ್ಯವಿಲ್ಲ. ಅದೃಷ್ಟ ಎಂಬ ಮಾತನ್ನಂತೂ ನಾನು ಒಪ್ಪುವುದಿಲ್ಲ. ಒಬ್ಬ ಗಾಯಕಿಯ ಹೆಸರು ಅಳಿಸಿಹೋದ ಕಡೆ ಕೆದಕಿ ನೋಡಿದರೆ, ಹೆಚ್ಚಿನ ಸಲ ಅಲ್ಲಿ ಒಂದು ಕರಾರು ಸಿಗುತ್ತದೆ, ಒಬ್ಬ ನಿರ್ಮಾಪಕ ಸಿಗುತ್ತಾನೆ, ಬಾಗಿಲು ಮುಚ್ಚಿದ ಒಂದು ಕಂಪನಿ ಸಿಗುತ್ತದೆ. ಕೆಲವೊಮ್ಮೆ ಆಕೆಯೇ ಯೋಚಿಸಿ ಕೈಗೊಂಡ ಒಂದು ನಿರ್ಧಾರ ಸಿಗುತ್ತದೆ.

ವೆಂಡಿ ರೆನೆಯ ವಿಷಯದಲ್ಲಿ ಸಿಗುವುದು ಈ ಕೊನೆಯದು. ಆಕೆಯ ನಿಜವಾದ ಹೆಸರು ಮೇರಿ ಫ್ರೈಯರ್ಸನ್. ಟೆನೆಸ್ಸಿ ರಾಜ್ಯದ ಮೆಂಫಿಸ್ ನಗರದ ಹುಡುಗಿ. ಅಣ್ಣ ಜಾನಿಯ ಜೊತೆ ಡ್ರೇಪಲ್ಸ್ ಎಂಬ ತಂಡ ಕಟ್ಟಿಕೊಂಡು ಸ್ಟ್ಯಾಕ್ಸ್ ಎಂಬ ಧ್ವನಿಮುದ್ರಣ ಕಂಪನಿಯ ಬಾಗಿಲಿಗೆ ಬಂದಾಗ ಇನ್ನೂ ಹದಿಹರೆಯ. ಸ್ಟ್ಯಾಕ್ಸ್‌ನ ಸ್ಟುಡಿಯೋ ಒಂದು ಹಳೆಯ ಚಿತ್ರಮಂದಿರ. ಪ್ರೇಕ್ಷಕರಿಗಾಗಿ ಇಳಿಜಾರಾಗಿ ಕಟ್ಟಿದ ನೆಲದ ಮೇಲೆಯೇ ವಾದ್ಯಗಾರರು ನಿಂತು ನುಡಿಸುತ್ತಿದ್ದರು. ಅಲ್ಲಿ ಆಕೆಗೆ ವೆಂಡಿ ರೆನೆ ಎಂದು ಹೆಸರಿಟ್ಟವರು ಗಾಯಕ ಓಟಿಸ್ ರೆಡ್ಡಿಂಗ್. ನಿಮ್ಮನ್ನು ಕಾಡುತ್ತಿರುವ ಹಾಡಿನಲ್ಲಿ ದೇವಾಲಯದ ಗಂಟೆಯ ಅನುರಣನದಂತೆ ಸುತ್ತಿ ಸುತ್ತಿ ಬರುವ ಆ ಆರ್ಗನ್ ನುಡಿಸಿದವರು ಬೂಕರ್ ಟಿ. ಜೋನ್ಸ್.

ಆ ಹಾಡು ಆಗ ದೊಡ್ಡದಾಗಿ ಓಡಲಿಲ್ಲ. ಇನ್ನೂ ಕೆಲವು ಗ್ರಾಮಫೋನ್ ತಟ್ಟೆಗಳು ಬಂದವು. ಆಕೆ ಮದುವೆಯಾದರು, ತಾಯಿಯಾದರು. 1967ರ ಡಿಸೆಂಬರ್‌ನಲ್ಲಿ ರೆಡ್ಡಿಂಗ್ ತಂಡದ ಜೊತೆ ಕೊನೆಯದಾಗಿ ಒಮ್ಮೆ ಹಾಡಿ ಬರುವುದೆಂದು ಗೊತ್ತಾಗಿತ್ತು, ಆದರೆ ಕೂಸನ್ನು ಬಿಟ್ಟು ಹೋಗಲು ಮನಸ್ಸು ಬಾರದೆ ಮನೆಯಲ್ಲೇ ಉಳಿದರು. ಡಿಸೆಂಬರ್ 10ರಂದು ರೆಡ್ಡಿಂಗ್ ಇದ್ದ ವಿಮಾನ ವಿಸ್ಕಾನ್ಸಿನ್ ರಾಜ್ಯದ ಮೊನೋನಾ ಸರೋವರಕ್ಕೆ ಬಿತ್ತು. ಬದುಕಿ ಬಂದವರು ಒಬ್ಬರೇ. ಅಲ್ಲಿಂದ ಮುಂದೆ ಮೇರಿ ಹಾಡಿದ್ದು ಚರ್ಚಿನಲ್ಲಿ. 1993ರಲ್ಲಿ ವು-ಟ್ಯಾಂಗ್ ಕ್ಲ್ಯಾನ್ ಎಂಬ ರ‍್ಯಾಪ್ ತಂಡ ಆಕೆಯ ದನಿಯನ್ನು ತನ್ನ ಹಾಡಿನೊಳಗೆ ಹೆಣೆದುಕೊಂಡಾಗ ಹೊಸ ತಲೆಮಾರು ಕಿವಿ ನಿಮಿರಿಸಿತು. 2012ರಲ್ಲಿ ಆಕೆಯ ಹಾಡುಗಳೆಲ್ಲ ಒಂದು ಸಂಕಲನವಾಗಿ ಬಂದವು. 2014ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಎಲ್ಲಿಗೆ ಹೋದರು ಎಂದು ಕೇಳಿದಿರಿ. ಎಲ್ಲಿಗೂ ಹೋಗಿರಲಿಲ್ಲ, ಹೆಸರು ಮಾತ್ರ ಬೇರೆಯಾಗಿತ್ತು.

ಜಾಡು ಹಿಡಿಯುವ ಕಷ್ಟವೆಲ್ಲ ಇರುವುದು ಇಲ್ಲೇ. ಗಾಯಕನಿಗಿಂತ ಗಾಯಕಿಯನ್ನು ಹುಡುಕುವುದು ಕಷ್ಟ, ಏಕೆಂದರೆ ಆಕೆಯ ಹೆಸರು ಕನಿಷ್ಠ ಎರಡು ಸಲ ಬದಲಾಗುತ್ತದೆ: ಕಂಪನಿಯವರು ಒಂದು ಇಡುತ್ತಾರೆ, ಮದುವೆ ಇನ್ನೊಂದನ್ನು ಕೊಡುತ್ತದೆ. ಜಾರ್ಜಿಯಾದ ಡೋರಿಸ್ ಕರಿ ಎಂಬಾಕೆ ಡೋರಿಸ್ ವಿಲಿಂಗ್‌ಹ್ಯಾಮ್ ಆಗಿ ಹಾಡಿ, ಬಳಿಕ ಡೋರಿಸ್ ಡ್ಯೂಕ್ ಎಂಬ ಹೆಸರು ಪಡೆದರು. ಅದು ಆಗಲೇ ಅಮೆರಿಕದ ಅತಿ ಶ್ರೀಮಂತ ಮಹಿಳೆಯೊಬ್ಬರ ಹೆಸರಾಗಿ ಮನೆಮಾತಾಗಿತ್ತು. ಈಗಲೂ ಆ ಹೆಸರು ಹಾಕಿ ಹುಡುಕಿದರೆ ಗಾಯಕಿಗಿಂತ ಮೊದಲು ತಂಬಾಕಿನ ಸಿರಿವಂತೆಯೇ ಎದುರಾಗುತ್ತಾರೆ.

ಆದ್ದರಿಂದ ಹುಡುಕುವವರು ದೊಡ್ಡಕ್ಷರದ ಹೆಸರನ್ನು ಪಕ್ಕಕ್ಕಿಟ್ಟು ಸಣ್ಣ ಅಕ್ಷರಗಳನ್ನು ಓದುತ್ತಾರೆ. ನಿಮಿಷಕ್ಕೆ 45 ಸುತ್ತು ತಿರುಗುವ ಪುಟ್ಟ ತಟ್ಟೆಯ ನಡುವಿನ ಚೀಟಿಯಲ್ಲಿ ಹಾಡಿನ ಹೆಸರಿನ ಕೆಳಗೆ ಬರೆದವರ ಹೆಸರಿರುತ್ತದೆ. ‘ಆಫ್ಟರ್ ಲಾಫ್ಟರ್’ ಅನ್ನು ಬರೆದವರು ಅಣ್ಣ ತಂಗಿಯರೇ ಆದ್ದರಿಂದ ಹಾಡಿದವರ ಜಾಗದಲ್ಲಿ ವೆಂಡಿ ರೆನೆ, ಬರೆದವರ ಜಾಗದಲ್ಲಿ ಫ್ರೈಯರ್ಸನ್. ದಾರದ ಒಂದು ತುದಿ ಅಲ್ಲೇ ಕೈಗೆ ಸಿಕ್ಕಿತು. ಹಕ್ಕುಸ್ವಾಮ್ಯಕ್ಕೆಂದು ನೋಂದಾಯಿಸಿದ ಹಾಡುಗಳ ಪಟ್ಟಿಯನ್ನು ಅಮೆರಿಕ ಸರ್ಕಾರ ಸಂಪುಟಗಳಾಗಿ ಅಚ್ಚು ಹಾಕಿಸುತ್ತಿತ್ತು. ಆ ದಾರ ಅಲ್ಲಿಗೆ ಒಯ್ಯುತ್ತದೆ. ಇನ್ನು ಚೀಟಿಗೂ ಕೊನೆಯ ಗೀರಿಗೂ ನಡುವೆ ಇರುವ ನುಣುಪಾದ ಬಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಅಲ್ಲಿ ಕೈಯಿಂದ ಕೊರೆದ ಅಂಕಿಗಳಿರುತ್ತವೆ. ಲಾಸ್ ಏಂಜಲೀಸ್‌ನ ಮೊನಾರ್ಕ್ ಕಾರ್ಖಾನೆಯಲ್ಲಿ ಒತ್ತಿದ ತಟ್ಟೆಯಾದರೆ ಒಂದು ಪುಟ್ಟ ತ್ರಿಕೋನದ ಪಕ್ಕ ಕ್ರಮಸಂಖ್ಯೆ ಇರುತ್ತದೆ. ಆ ಸಂಖ್ಯೆ ಏರುತ್ತಾ ಹೋಗುವುದರಿಂದ, ತಾರೀಖೇ ಅಚ್ಚಾಗದ ತಟ್ಟೆಯ ಕಾಲವನ್ನೂ ಅಂದಾಜು ಮಾಡಬಹುದು. ‘ಬಿಲ್‌ಬೋರ್ಡ್’, ‘ಕ್ಯಾಶ್ ಬಾಕ್ಸ್’ ವಾರಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ ಆ ವಾರದ ಹೊಸ ತಟ್ಟೆಗಳ ಬಗ್ಗೆ ಒಂದೆರಡು ಸಾಲು ಬರುತ್ತಿತ್ತು. ಎಷ್ಟೋ ಗಾಯಕಿಯರ ಬಗ್ಗೆ ಅಚ್ಚಾದ ಮೊದಲ ಮಾತೂ ಕೊನೆಯ ಮಾತೂ ಆ ಎರಡು ಸಾಲುಗಳೇ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಚೀಟಿ ಸುಳ್ಳನ್ನೂ ಹೇಳುತ್ತದೆ.

1962ರಲ್ಲಿ ‘ಹೀಸ್ ಎ ರೆಬೆಲ್’ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೇರಿತು. ಚೀಟಿಯ ಮೇಲಿದ್ದದ್ದು ಕ್ರಿಸ್ಟಲ್ಸ್ ಎಂಬ ತಂಡದ ಹೆಸರು. ಆ ಹುಡುಗಿಯರು ನ್ಯೂಯಾರ್ಕಿನವರು. ನಿರ್ಮಾಪಕ ಫಿಲ್ ಸ್ಪೆಕ್ಟರ್ ಇದ್ದದ್ದು ಲಾಸ್ ಏಂಜಲೀಸ್‌ನಲ್ಲಿ. ಬೇರೆಯವರು ಹಾಡಿಬಿಡುವ ಮೊದಲು ತಟ್ಟೆ ಹೊರಬರಬೇಕೆಂಬ ಅವಸರದಲ್ಲಿ ಆತ ಬ್ಲಾಸಮ್ಸ್ ತಂಡದ ಡಾರ್ಲೀನ್ ರೈಟ್ ಅವರಿಂದ ಹಾಡಿಸಿ, ಕ್ರಿಸ್ಟಲ್ಸ್ ಹೆಸರಿನಲ್ಲಿ ಮಾರಿದ. ತಂಡದ ಹೆಸರು ನಿರ್ಮಾಪಕನ ಮುಷ್ಟಿಯಲ್ಲಿದ್ದರೆ ಹೀಗೆ ಮಾಡಲು ಯಾವ ಅಡ್ಡಿಯೂ ಇರಲಿಲ್ಲ. ತಾವು ಹಾಡದ ಹಾಡನ್ನು ವೇದಿಕೆಯಲ್ಲಿ ಒಪ್ಪಿಸಬೇಕಾದ ಪಾಡು ಕ್ರಿಸ್ಟಲ್ಸ್ ಹುಡುಗಿಯರದಾಯಿತು. ಹಾಡಿದಾಕೆಗೆ ಹೆಸರೇ ಇಲ್ಲವಾಯಿತು. ಮುಂದೆ ಡಾರ್ಲೀನ್ ಲವ್ ಎಂದು ಹೆಸರಾದ ಆಕೆ ಎಂಬತ್ತರ ದಶಕದ ಕಷ್ಟದ ದಿನಗಳಲ್ಲಿ ಮನೆಗಳನ್ನು ಶುಚಿ ಮಾಡುವ ಕೆಲಸಕ್ಕೆ ಹೋಗುತ್ತಿದ್ದರು. ಹಾಗೆ ಒಂದು ಮನೆಯಲ್ಲಿ ಕೆಲಸ ಮಾಡುತ್ತಿದ್ದಾಗ ರೇಡಿಯೋದಲ್ಲಿ ತಮ್ಮದೇ ಕ್ರಿಸ್‌ಮಸ್ ಹಾಡು ಕೇಳಿಬಂತು. ಮತ್ತೆ ಹಾಡಲೇಬೇಕೆಂದು ನಿಶ್ಚಯಿಸಿ ಹೊರಟರು. 2011ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ತನ್ನ ಗೌರವ ಪಟ್ಟಿಗೆ ಅವರನ್ನು ಸೇರಿಸಿಕೊಂಡಿತು.

ಡೆಟ್ರಾಯಿಟ್‌ನ ಮೋಟೌನ್ ಕಂಪನಿಯಲ್ಲಿ ಜಾಕಿ ಹಿಕ್ಸ್, ಮಾರ್ಲೀನ್ ಬ್ಯಾರೋ, ಲುವೇನ್ ಡೆಂಪ್ಸ್ ಎಂಬ ಮೂವರಿದ್ದರು. ಆಂಡಾಂಟೀಸ್ ಎಂಬುದು ಅವರ ತಂಡ. ಆ ಕಂಪನಿಯ ಹಿಮ್ಮೇಳದ ಬಹುಪಾಲು ಅವರದೇ. 1968ರ ‘ಲವ್ ಚೈಲ್ಡ್’ ಬಂದದ್ದು ಸುಪ್ರೀಮ್ಸ್ ಹೆಸರಿನಲ್ಲಿ. ಡಯಾನಾ ರಾಸ್ ಬೆನ್ನಿಗೆ ಕೇಳುವ ದನಿಗಳು ಈ ಆಂಡಾಂಟೀಸ್‌ರವು.

ಹಾಡಿದ್ದೇ ಹೊರಬರದವರ ಕಥೆ ಬೇರೆ. ಬೆಟ್ಟಿ ಲವೆಟ್ 16ರ ಹರೆಯದಲ್ಲಿ ಮೊದಲ ತಟ್ಟೆಯಿಂದಲೇ ಗಮನ ಸೆಳೆದವರು. 1972ರಲ್ಲಿ ಅಲಬಾಮಾ ರಾಜ್ಯದ ಮಸಲ್ ಶೋಲ್ಸ್‌ಗೆ ಹೋಗಿ ಒಂದಿಡೀ ಆಲ್ಬಮ್ ಹಾಡಿ ಬಂದರು, ಕಂಪನಿ ಅದನ್ನು ಕಪಾಟಿನಲ್ಲಿಟ್ಟಿತು. ಫ್ರಾನ್ಸಿನ ಸಂಗ್ರಾಹಕರೊಬ್ಬರ ಹಟದಿಂದ ಅದು ಕೇಳುಗರನ್ನು ತಲುಪಿದ್ದು 2000ದಲ್ಲಿ. 28 ವರ್ಷ!

ಸಂಗ್ರಾಹಕರ ಬಗ್ಗೆ ನನ್ನಲ್ಲಿ ಎರಡು ಮನಸ್ಸಿದೆ. ಇಂಗ್ಲೆಂಡಿನ ಉತ್ತರ ಭಾಗದ ಗಿರಣಿ ಊರುಗಳ ಯುವಕರು ಎಪ್ಪತ್ತರ ದಶಕದಲ್ಲಿ ರಾತ್ರಿಯಿಡೀ ಕುಣಿದದ್ದು ಅಮೆರಿಕದಲ್ಲಿ ಯಾರೂ ಕೊಳ್ಳದ ಈ ತಟ್ಟೆಗಳಿಗೆ. ಗ್ಲೋರಿಯಾ ಜೋನ್ಸ್ ಹಾಡಿದ ‘ಟೇಂಟೆಡ್ ಲವ್’ ಒಂದು ತಟ್ಟೆಯ ಹಿಂಬದಿಯಲ್ಲಿ ಸತ್ತು ಬಿದ್ದಿತ್ತು. 1973ರಲ್ಲಿ ಅಮೆರಿಕಕ್ಕೆ ಹೋಗಿದ್ದ ರಿಚರ್ಡ್ ಸರ್ಲಿಂಗ್ ಎಂಬ ಡಿಜೆ ಅದನ್ನು ಹೆಕ್ಕಿ ತಂದದ್ದರಿಂದ ಅದಕ್ಕೆ ಮರುಜೀವ ಬಂತು. ಇಂಥ ಸಂಗ್ರಾಹಕರ ಋಣ ದೊಡ್ಡದು. ಆದರೆ ಅದೇ ಲೋಕದಲ್ಲಿ ಇನ್ನೊಂದು ರೂಢಿಯೂ ಇತ್ತು: ಅಪರೂಪದ ತಟ್ಟೆ ಸಿಕ್ಕಿದರೆ ಎದುರಾಳಿಗಳಿಗೆ ಗೊತ್ತಾಗಬಾರದೆಂದು ಚೀಟಿಯ ಮೇಲೆ ಕಾಗದ ಅಂಟಿಸಿ, ಕಟ್ಟಿದ ಹೆಸರೊಂದನ್ನು ಸಾರುವುದು. ಒಮ್ಮೆ ಕಂಪನಿಯಿಂದ, ಇನ್ನೊಮ್ಮೆ ಅಭಿಮಾನಿಯಿಂದ ಹೆಸರು ಕಳೆದುಕೊಂಡವರನ್ನು ನೆನೆದಾಗ ನನಗೆ ಸಂಕಟವಾಗುತ್ತದೆ.

ನೀವು ಮುಂದೆ ಕೇಳಬೇಕಾದದ್ದು ಲೋರೇನ್ ಎಲಿಸನ್ ಅವರ ‘ಸ್ಟೇ ವಿತ್ ಮಿ’, 1966ರದು. ರಾತ್ರಿ, ದೀಪ ಆರಿಸಿ, ಒಬ್ಬರೇ ಕೂತು ಕೇಳಿ. ಬಿನ್ನಹದಂತೆ ಶುರುವಾಗುವ ದನಿ ಕೊನೆಗೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ನಾನು ಹೇಳುವುದಿಲ್ಲ. ಬಾರ್ಬರಾ ಲಿನ್ ಅವರನ್ನೂ ಹುಡುಕಿ: ಟೆಕ್ಸಸ್‌ನ ಬೋಮಾಂಟ್ ಊರಿನಾಕೆ, ತಾವೇ ಹಾಡು ಬರೆದು, ಎಡಗೈಯಲ್ಲಿ ಗಿಟಾರ್ ನುಡಿಸುತ್ತಾ ಹಾಡಿದವರು.

ಕೊನೆಯದಾಗಿ ನಮ್ಮ ಕಡೆಯ ತಪ್ಪೊಂದಿದೆ. ಕಳೆದ ಸಂಚಿಕೆಯ ಆ ಲೇಖನದಲ್ಲಿ ‘ಹೀಸ್ ಎ ರೆಬೆಲ್’ ಹಾಡಿದವರು ಕ್ರಿಸ್ಟಲ್ಸ್ ಎಂದು ಅಚ್ಚಾಗಿದೆ. ಕರಡು ಓದಿದ ನಾನೇ ಅದನ್ನು ಹಾಗೇ ಬಿಟ್ಟೆ. ನಿಮ್ಮ ಪತ್ರಕ್ಕೆ ಉತ್ತರ ಬರೆಯಲು ಕೂತಾಗ ಕಣ್ಣಿಗೆ ಬಿತ್ತು. ನಿಮ್ಮ ಪ್ರತಿಯಲ್ಲಿ ಆ ಸಾಲನ್ನು ದಯವಿಟ್ಟು ಹೊಡೆದುಹಾಕಿ, ಡಾರ್ಲೀನ್ ಲವ್ ಎಂದು ಬರೆದುಕೊಳ್ಳಿ.